ಮಾರಾಟಕ್ಕಿದೆ ಅಂದರೆ ಸರಿ, ಯುದ್ಧ ಬೇಡ ಅಂದರೆ ತಪ್ಪು: ಲಡೂ ನಗರದ ಬೋರ್ಡ್ ಪ್ರಕರಣ

1990ರ ಡಿಸೆಂಬರ್ 8. ಅಮೆರಿಕದ ಮಿಸ್ಸೌರಿ ರಾಜ್ಯದ ಲಡೂ ಎಂಬ ಊರಿನಲ್ಲಿ ಮಾರ್ಗರೆಟ್ ಗಿಲಿಯೊ ತಮ್ಮ ಮನೆ ಮುಂದಿನ ಹುಲ್ಲುಹಾಸಿನಲ್ಲಿ ಒಂದು ಬೋರ್ಡ್ ನೆಟ್ಟರು. ಎರಡಡಿಗೆ ಮೂರಡಿ ಅಳತೆಯ ಬೋರ್ಡ್. 'ಪರ್ಷಿಯನ್ ಕೊಲ್ಲಿಯಲ್ಲಿ ಯುದ್ಧ ಬೇಡ ಅನ್ನಿ, ಈಗಲೇ ಕಾಂಗ್ರೆಸ್‌ಗೆ ಫೋನ್ ಮಾಡಿ' ಎಂದು ಅದರಲ್ಲಿ ಬರೆದಿತ್ತು. ಇಲ್ಲಿ ಕಾಂಗ್ರೆಸ್ ಅಂದರೆ ಪಕ್ಷ ಅಲ್ಲ, ಅಮೆರಿಕದ ಸಂಸತ್ತು.

ಆ ಬೋರ್ಡ್ ಕಾಣೆಯಾಯಿತು. ಇನ್ನೊಂದು ಹಾಕಿದರು. ಅದನ್ನು ಯಾರೋ ನೆಲಕ್ಕೆ ಕೆಡವಿದ್ದರು. ಗಿಲಿಯೊ ಪೊಲೀಸರಿಗೆ ಹೇಳಿದರು. ಬೋರ್ಡ್ ಹೋಯಿತು ಎಂದು ದೂರಲು ಹೋದವರಿಗೆ ಸಿಕ್ಕ ಉತ್ತರವೇ ಬೇರೆ: ಲಡೂನಲ್ಲಿ ಅಂಥ ಬೋರ್ಡ್ ಹಾಕುವಂತೆಯೇ ಇಲ್ಲ, ನಿಯಮ ಇದೆ.

ಅವರು ಸುಮ್ಮನೆ ಮನೆಗೆ ಬರಲಿಲ್ಲ. ನನಗೊಂದು ವಿನಾಯಿತಿ ಕೊಡಿ ಎಂದು ನಗರದ ಕೌನ್ಸಿಲ್‌ಗೆ ಅರ್ಜಿ ಹಾಕಿದರು. ಕೌನ್ಸಿಲ್ ಆಗುವುದಿಲ್ಲ ಎಂದಿತು. ಆಮೇಲೆ ಕೋರ್ಟ್ ಮೆಟ್ಟಿಲು ಹತ್ತಿದರು. ಮೂರೂವರೆ ವರ್ಷದ ನಂತರ ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಊರಿನ ಪರ ಒಬ್ಬ ನ್ಯಾಯಮೂರ್ತಿಯೂ ಇರಲಿಲ್ಲ.

ನಾನು ಈ ಪ್ರಕರಣವನ್ನು ಮತ್ತೆ ಮತ್ತೆ ಓದುವುದು ಒಂದು ಸಂಗತಿಗಾಗಿ. ಸುಪ್ರೀಂ ಕೋರ್ಟ್ ವರೆಗೆ ಹೋದ ಆ ನಿಯಮದ ಪ್ರಕಾರ, ಅದೇ ಅಂಗಳದಲ್ಲಿ 'ಈ ಮನೆ ಮಾರಾಟಕ್ಕಿದೆ' ಎಂಬ ಬೋರ್ಡ್ ನಿಲ್ಲಿಸಬಹುದಿತ್ತು. ಮನೆ ಮಾರುವ ಮಾತು ಆಡಬಹುದು, ಯುದ್ಧದ ಮಾತು ಆಡುವಂತಿಲ್ಲ. ಮನೆ ಮುಂದೆ ಬೋರ್ಡ್ ಹಾಕುವ ಬಗ್ಗೆ ಯಾವ ಊರು ನಿಯಮ ಬರೆದರೂ ಸಿಕ್ಕು ಇರುವುದು ಇಲ್ಲೇ.

ಊರು ಮತ್ತು ಕಾಲ

ಲಡೂ ಸೇಂಟ್ ಲೂಯಿಸ್ ನಗರದ ಪಕ್ಕದ ಉಪನಗರ. ಆಗ ಅಲ್ಲಿದ್ದವರು ಹತ್ತಿರ ಹತ್ತಿರ 9,000 ಜನ. ವಿಸ್ತೀರ್ಣ 8.5 ಚದರ ಮೈಲಿ, ಅಂದರೆ ಸುಮಾರು 22 ಚದರ ಕಿಲೋಮೀಟರ್. ಅದರಲ್ಲಿ ಅಂಗಡಿ, ಕಾರ್ಖಾನೆಗಳಿಗೆ ಬಿಟ್ಟ ಜಾಗ ಶೇಕಡಾ 3 ಮಾತ್ರ. ಉಳಿದದ್ದೆಲ್ಲ ಬಹುತೇಕ ಮನೆ, ಮರ, ಹುಲ್ಲು. ಗಿಲಿಯೊ ಅವರ ಮನೆ ಇದ್ದದ್ದು ವಿಲ್ಲೋ ಹಿಲ್ ಎಂಬ 57 ಮನೆಗಳ ಬಡಾವಣೆಯಲ್ಲಿ.

ಆ ಡಿಸೆಂಬರ್ ತಿಂಗಳನ್ನು ನೆನಪಿಸಿಕೊಳ್ಳಬೇಕು. 1990ರ ಆಗಸ್ಟ್ 2ರಂದು ಇರಾಕ್ ಸೇನೆ ಕುವೈತ್‌ಗೆ ನುಗ್ಗಿತ್ತು. ನಮ್ಮ ಕರಾವಳಿಯವರಿಗೆ ಇದು ದೂರದ ಸುದ್ದಿ ಆಗಿರಲಿಲ್ಲ. ಮಂಗಳೂರು, ಉಡುಪಿ ಕಡೆಯ ಎಷ್ಟೋ ಮನೆಗಳಲ್ಲಿ ಮಗನೋ ಅಣ್ಣನೋ ಕುವೈತ್‌ನಲ್ಲಿದ್ದ. ಭಾರತ ಆಗ 1 ಲಕ್ಷಕ್ಕೂ ಹೆಚ್ಚು ಜನರನ್ನು ವಿಮಾನದಲ್ಲಿ ಮನೆಗೆ ಕರೆತಂದಿತು. ನವೆಂಬರ್ 29ರಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಇರಾಕ್‌ಗೆ ಜನವರಿ 15ರ ಗಡುವು ಕೊಟ್ಟಿತು. ಅಮೆರಿಕದ ಸಂಸತ್ತು ಯುದ್ಧಕ್ಕೆ ಒಪ್ಪಿಗೆ ಕೊಟ್ಟಿದ್ದು ಜನವರಿ 12ರಂದು. ಅಂದರೆ ಗಿಲಿಯೊ ಬೋರ್ಡ್ ನೆಟ್ಟ ದಿನಕ್ಕೂ ಆ ಮತದಾನಕ್ಕೂ ನಡುವೆ ಇದ್ದದ್ದು ಐದೇ ವಾರ. 'ಈಗಲೇ ಫೋನ್ ಮಾಡಿ' ಎಂಬ ಮಾತಿಗೆ ಬೆಲೆ ಇದ್ದದ್ದೂ ಆ ಐದು ವಾರವೇ.

ಚುನಾವಣೆಯ ಬೋರ್ಡ್‌ಗಳ ವಿಷಯದಲ್ಲೂ ಹೀಗೇ. ಮತದಾನ ಮುಗಿದ ಮರುದಿನ ಅನುಮತಿ ಸಿಕ್ಕರೆ ಯಾರಿಗೆ ಬೇಕು? ಸ್ಥಳೀಯ ನಿಯಮ ಬರೆಯುವವರು ಮರೆಯಬಾರದ ವಿಷಯ ಇದು. ಅರ್ಜಿ, ಪರಿಶೀಲನೆ, ಮುಂದಿನ ಸಭೆಗೆ ಮುಂದೂಡಿಕೆ, ಇಷ್ಟಾದರೆ ಸಾಕು, ಬೋರ್ಡಿನ ಮಾತು ಹಳಸಿಹೋಗುತ್ತದೆ.

ಹಳೆ ನಿಯಮ ಹೋಗಿ ಹೊಸದು ಬಂತು

ಗಿಲಿಯೊ ಕೇಸ್ ಹಾಕಿದಾಗ ಇದ್ದದ್ದು ಹಳೆಯ ನಿಯಮ. ಬೋರ್ಡ್‌ಗಳಿಗೆ ನಿಷೇಧ, ಕೆಲವಕ್ಕೆ ಮಾತ್ರ ವಿನಾಯಿತಿ, ಬೇಕಿದ್ದರೆ ಕೌನ್ಸಿಲ್ ಅನುಮತಿ ಕೊಡಬಹುದು ಅಂತ ಅದರಲ್ಲಿತ್ತು. ಕೆಳಗಿನ ಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ಆಗ ಊರು ಹಳೆಯದನ್ನು ರದ್ದು ಮಾಡಿ ಹೊಸ ನಿಯಮ ತಂದಿತು. ಹೊಸದರಲ್ಲಿ ಅಂಗಳದ ಬೋರ್ಡ್ ಜೊತೆಗೆ ಕಿಟಕಿಯ ಬೋರ್ಡ್ ಕೂಡ ನಿಷೇಧದ ಒಳಗೆ ಬಂತು.

ಆಗ ಗಿಲಿಯೊ ಮಾಡಿದ್ದೇನು? ಮಹಡಿಯ ಕಿಟಕಿಗೆ ಒಂದು ಹಾಳೆ ಅಂಟಿಸಿದರು. ಎಂಟೂವರೆ ಇಂಚಿಗೆ ಹನ್ನೊಂದು ಇಂಚು. ನಮ್ಮಲ್ಲಿ ಜೆರಾಕ್ಸ್ ಅಂಗಡಿಯಲ್ಲಿ ಸಿಗುವ ಎ-4 ಹಾಳೆಗಿಂತ ಎತ್ತರದಲ್ಲಿ ಒಂದಿಷ್ಟು ಕಡಿಮೆ, ಅಗಲದಲ್ಲಿ ಕೂದಲೆಳೆಯಷ್ಟು ಜಾಸ್ತಿ. ಅದರ ಮೇಲೆ 'ಕೊಲ್ಲಿಯಲ್ಲಿ ಶಾಂತಿಗಾಗಿ' ಎಂಬಷ್ಟೇ ಮಾತು.

ರಸ್ತೆಯಲ್ಲಿ ನಿಂತು ತಲೆ ಎತ್ತಿ ನೋಡಿದರೆ ಮಹಡಿ ಕಿಟಕಿಯಲ್ಲಿ ಒಂದು ಹಾಳೆ ಎಷ್ಟು ಕಾಣುತ್ತದೆ? ಊರಿನ ಅಂದ ಅದರಿಂದ ಎಷ್ಟು ಕೆಡುತ್ತದೆ? ಆದರೂ ಹೊಸ ನಿಯಮದ ಪ್ರಕಾರ ಆ ಹಾಳೆಯೂ ಅಪರಾಧವೇ.

ನಿಯಮದಲ್ಲಿ ಬೋರ್ಡ್ ಅಂದರೆ ಏನು ಎಂಬುದಕ್ಕೆ ಉದ್ದದ ವಿವರಣೆ ಇತ್ತು. ಕಟ್ಟಡದ ಮೇಲೆ, ಗೋಡೆಗೆ, ನೆಲದಲ್ಲಿ, ಹೇಗೇ ಹಾಕಿರಲಿ. ಹೆಸರು, ಪದ, ಅಕ್ಷರ, ಚಿತ್ರ, ಯಾವುದೇ ಇರಲಿ. ವಸ್ತು, ಸರಕು, ಸ್ಥಳ, ಚಟುವಟಿಕೆ, ಅಭಿಪ್ರಾಯ, ವ್ಯಕ್ತಿ, ಸಂಸ್ಥೆ, ಇವುಗಳಲ್ಲಿ ಯಾವುದನ್ನು ಜನರಿಗೆ ತಿಳಿಸಿದರೂ ಅದು ಬೋರ್ಡ್. ಸಾಲಿನ ಮಧ್ಯೆ ಕುಳಿತಿರುವ 'ಅಭಿಪ್ರಾಯ' ಎಂಬ ಆ ಒಂದು ಪದವನ್ನು ನೋಡಿ. ಸರಕು ಮತ್ತು ಸ್ಥಳದ ಜೊತೆಗೆ ಅಭಿಪ್ರಾಯವನ್ನೂ ಎಣಿಸಿ ಒಂದೇ ಬೀಗ ಹಾಕಿದ್ದರು.

ನಿಷೇಧದ ಉದ್ದೇಶವನ್ನೂ ಊರು ಬರೆದುಕೊಂಡಿತ್ತು. ಬೋರ್ಡ್‌ಗಳು ಲೆಕ್ಕವಿಲ್ಲದಷ್ಟಾದರೆ ಊರು ಕುರೂಪವಾಗುತ್ತದೆ, ಕಣ್ಣಿಗೆ ಕಸ ಕಂಡಂತಾಗುತ್ತದೆ, ಮನೆಗಳ ಬೆಲೆ ಇಳಿಯುತ್ತದೆ, ನೆಮ್ಮದಿ ಹೋಗುತ್ತದೆ, ಗಾಡಿ ಓಡಿಸುವವರಿಗೂ ನಡೆಯುವವರಿಗೂ ಮಕ್ಕಳಿಗೂ ಅಪಾಯ ಆಗಬಹುದು. ಇದರಲ್ಲಿ ಸುಳ್ಳೇನೂ ಇಲ್ಲ. ಚೆಂದದ ಊರನ್ನು ಚೆಂದವಾಗಿ ಇಟ್ಟುಕೊಳ್ಳುವ ಆಸೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಬೆಂಗಳೂರಿನ ಸರ್ಕಲ್‌ಗಳಲ್ಲಿ ಹುಟ್ಟುಹಬ್ಬದ ಫ್ಲೆಕ್ಸ್‌ಗಳ ಹಿಂದೆ ಸಿಗ್ನಲ್ ದೀಪವೇ ಮರೆಯಾಗುವುದನ್ನು ಕಂಡವರು ಯಾರೂ ಹಗುರವಾಗಿ ಕಾಣಲಾರರು.

ವಿನಾಯಿತಿ ಪಟ್ಟಿಯನ್ನು ಓದಿದರೆ

ಇಂಥ ನಿಯಮ ಕೈಗೆ ಸಿಕ್ಕಾಗ ನಾವೆಲ್ಲ ಮೊದಲು ನೋಡುವುದು ಏನು ನಿಷೇಧ ಎಂಬುದನ್ನು. ನಾನು ಹೇಳುವುದು ಬೇರೆ. ಮೊದಲು ವಿನಾಯಿತಿ ಪಟ್ಟಿ ಓದಿ. ಊರಿನ ಮನಸ್ಸು ಅಲ್ಲಿ ಗೊತ್ತಾಗುತ್ತದೆ.

ಲಡೂ ಹತ್ತು ಬಗೆಯ ಬೋರ್ಡ್‌ಗಳಿಗೆ ವಿನಾಯಿತಿ ಕೊಟ್ಟಿತ್ತು. ನಗರಾಡಳಿತದ್ದೇ ಬೋರ್ಡ್‌ಗಳು, ಬಡಾವಣೆ ಮತ್ತು ಮನೆಯ ಹೆಸರಿನ ಫಲಕ, ದಾರಿ ತೋರಿಸುವ ಮತ್ತು ಅಪಾಯ ಹೇಳುವ ಫಲಕ, ಆರೋಗ್ಯ ತಪಾಸಣೆಯದ್ದು, ಚರ್ಚ್ ಮತ್ತು ಶಾಲೆಗಳದ್ದು, ಲಾಭಕ್ಕಲ್ಲದ ಸಂಸ್ಥೆಗಳ ಗುರುತಿನ ಫಲಕ, ಬಸ್ ನಿಲ್ದಾಣದ್ದು, ವ್ಯಾಪಾರದ ಜಾಗದಲ್ಲಿ ವ್ಯಾಪಾರದ ಬೋರ್ಡ್, ಸುರಕ್ಷತೆಯ ಎಚ್ಚರಿಕೆ. ಇವುಗಳ ಜೊತೆಗೆ, ಮನೆ ಅಥವಾ ಜಮೀನು ಮಾರಾಟಕ್ಕಿದೆ, ಬಾಡಿಗೆಗಿದೆ ಎಂದು ಹೇಳುವ ನೆಲದ ಬೋರ್ಡ್.

ಮನೆಯವರು ತಮ್ಮ ಮನಸ್ಸಿನ ಮಾತು ಹೇಳುವ ಬೋರ್ಡಿಗೆ ಈ ಹತ್ತರಲ್ಲಿ ಒಂದೂ ಇಲ್ಲ. ಅಭ್ಯರ್ಥಿಯ ಹೆಸರಿಗೂ ಇಲ್ಲ, ಯುದ್ಧಕ್ಕೂ ಇಲ್ಲ, ಶಾಂತಿಗೂ ಇಲ್ಲ.

ಊರಿನ ವಾದವನ್ನೂ ಸರಿಯಾಗಿ ಹೇಳಬೇಕು, ಯಾಕೆಂದರೆ ಅದು ಪೊಳ್ಳು ವಾದ ಆಗಿರಲಿಲ್ಲ. ಲಡೂ ಪರ ವಕೀಲರು ಹೇಳಿದ್ದು ಹೀಗೆ: ಯಾವುದೇ ಒಂದು ಹೊತ್ತಿನಲ್ಲಿ ಊರಿನಲ್ಲಿ ಮಾರಾಟಕ್ಕಿರುವ ಮನೆಗಳು ಕೆಲವೇ ಕೆಲವು. ಅಂಥ ಮನೆಗೆ ಒಂದೊಂದು ಬೋರ್ಡ್ ಬಿಟ್ಟರೆ ಊರೇನೂ ಗಿಜಿಗುಡುವುದಿಲ್ಲ. ಚರ್ಚ್, ಶಾಲೆ, ಅಂಗಡಿಗಳೂ ಬೆರಳೆಣಿಕೆ. ಆದರೆ ಅಭಿಪ್ರಾಯ ಎಲ್ಲರಿಗೂ ಇರುತ್ತದೆ. ಅದಕ್ಕೆ ಬಾಗಿಲು ತೆಗೆದರೆ ಪ್ರತಿ ಅಂಗಳದಲ್ಲೂ ಬೋರ್ಡ್. ಹಾಗಾಗಿ ನಾವು ಮಾತನ್ನು ನೋಡಿ ಭೇದ ಮಾಡಿಲ್ಲ, ಸಂಖ್ಯೆ ನೋಡಿ ಮಾಡಿದ್ದೇವೆ.

ಮೇಲ್ಮನವಿ ಕೋರ್ಟ್ ಇದನ್ನು ಒಪ್ಪಲಿಲ್ಲ. ವ್ಯಾಪಾರದ ಮಾತಿಗೆ ಹೆಚ್ಚು ಜಾಗ, ವ್ಯಾಪಾರವಲ್ಲದ ಮಾತಿಗೆ ಕಡಿಮೆ ಜಾಗ ಕೊಟ್ಟಿದ್ದೀರಿ, ಇದು ಮಾತಿನ ಒಳಹುರುಳನ್ನು ನೋಡಿ ಮಾಡಿದ ಭೇದ ಎಂದಿತು. ಊರು ಸುಪ್ರೀಂ ಕೋರ್ಟ್‌ಗೆ ಹೋಯಿತು.

ಸುಪ್ರೀಂ ಕೋರ್ಟ್ ಹಿಡಿದ ದಾರಿ

1994ರ ಜೂನ್ 13ರಂದು ತೀರ್ಪು ಬಂತು. ಬರೆದವರು ನ್ಯಾಯಮೂರ್ತಿ ಜಾನ್ ಪಾಲ್ ಸ್ಟೀವನ್ಸ್. ಅವರು ಮೇಲ್ಮನವಿ ಕೋರ್ಟ್ ಹಿಡಿದ ದಾರಿಯಲ್ಲಿ ಹೋಗಲಿಲ್ಲ. ಯಾಕೆ ಹೋಗಲಿಲ್ಲ ಎಂಬುದೇ ಈ ಪ್ರಕರಣದ ಜೀವಾಳ ಎಂದು ನನಗೆ ಅನಿಸುತ್ತದೆ.

ಸ್ಟೀವನ್ಸ್ ಅವರ ಪ್ರಕಾರ ಇಂಥ ನಿಯಮವನ್ನು ಎರಡು ರೀತಿಯಲ್ಲಿ ಪ್ರಶ್ನೆ ಮಾಡಬಹುದು. ಒಂದು, ಇದು ನಿಷೇಧಿಸಿದ್ದು ತೀರಾ ಕಡಿಮೆ: ಕೆಲವನ್ನು ತಡೆದು ಕೆಲವನ್ನು ಬಿಟ್ಟಿದ್ದೀರಿ, ಆ ಆಯ್ಕೆಯಲ್ಲೇ ಪಕ್ಷಪಾತ ಇದೆ. ಇನ್ನೊಂದು, ಇದು ನಿಷೇಧಿಸಿದ್ದು ತೀರಾ ಜಾಸ್ತಿ: ಜನ ಆಡಲೇಬೇಕಾದ ಮಾತನ್ನೇ ತಡೆದಿದ್ದೀರಿ.

ಮೊದಲ ದಾರಿಯಲ್ಲಿ ಗಿಲಿಯೊ ಗೆದ್ದರೆ ಏನಾಗುತ್ತಿತ್ತು, ಯೋಚಿಸಿ. ಊರು ಮರುದಿನವೇ ಆ ವಿನಾಯಿತಿಗಳನ್ನು ಕಿತ್ತುಹಾಕಬಹುದಿತ್ತು. ಪಕ್ಷಪಾತ ಅಂದಿರಲ್ಲ, ಈಗ ಯಾರಿಗೂ ಇಲ್ಲ, ಎಲ್ಲರಿಗೂ ಸಮ. ಮಾರಾಟದ ಬೋರ್ಡೂ ಹೋಯಿತು, ಶಾಂತಿಯ ಹಾಳೆಯೂ ಬರಲಿಲ್ಲ. ಕೇಸ್ ಗೆದ್ದ ಗಿಲಿಯೊ ಅವರ ಕಿಟಕಿ ಖಾಲಿಯೇ ಉಳಿಯುತ್ತಿತ್ತು.

ಅದಕ್ಕೇ ಕೋರ್ಟ್ ಎರಡನೇ ದಾರಿ ಹಿಡಿಯಿತು. ಊರು ಯಾರ ಮಾತಿನ ಮೇಲೂ ದ್ವೇಷ ಇಟ್ಟುಕೊಂಡಿಲ್ಲ ಎಂದೇ ಇಟ್ಟುಕೊಳ್ಳೋಣ, ಆದರೂ ಮನೆಯವರು ತಮ್ಮ ಮನೆಯಿಂದಲೇ ತಮ್ಮ ಮಾತು ಹೇಳುವ ದಾರಿಯನ್ನು ಹೆಚ್ಚುಕಡಿಮೆ ಪೂರ್ತಿ ಮುಚ್ಚಿದ್ದು ಸರಿಯಲ್ಲ ಎಂದಿತು. ನ್ಯಾಯಮೂರ್ತಿ ಸಾಂಡ್ರಾ ಡೇ ಓ'ಕಾನರ್ ಫಲಿತಾಂಶಕ್ಕೆ ಒಪ್ಪಿದರೂ ಬೇರೆಯಾಗಿ ಬರೆದರು. ಮಾತಿನ ಒಳಹುರುಳು ನೋಡಿ ಭೇದ ಆಗಿದೆಯೇ ಎಂಬ ಪ್ರಶ್ನೆಯನ್ನು ಮೊದಲು ಕೇಳುವುದು ರೂಢಿ, ಅದನ್ನು ದಾಟಿ ಹೋಗಬಾರದಿತ್ತು ಎಂಬುದು ಅವರ ನಿಲುವು. ಇಪ್ಪತ್ತೊಂದು ವರ್ಷದ ನಂತರ ಆ ಪ್ರಶ್ನೆ ಮರಳಿ ಬಂತು. ಅದನ್ನು ಮುಂದೆ ಹೇಳುತ್ತೇನೆ.

ಬೇರೆ ದಾರಿಗಳು ಇವೆಯಲ್ಲ ಎಂದು ಊರು ಹೇಳಿತ್ತು. ಬೋರ್ಡನ್ನು ಕೈಯಲ್ಲಿ ಹಿಡಿದು ನಿಲ್ಲಬಹುದು, ಪತ್ರ ಬರೆಯಬಹುದು, ಕರಪತ್ರ ಹಂಚಬಹುದು, ಫೋನ್ ಮಾಡಬಹುದು, ಪತ್ರಿಕೆಯಲ್ಲಿ ಜಾಹೀರಾತು ಕೊಡಬಹುದು, ಕಾರಿಗೆ ಸ್ಟಿಕರ್ ಅಂಟಿಸಬಹುದು, ಭಾಷಣ ಮಾಡಬಹುದು. ಇದಕ್ಕೆ ಸ್ಟೀವನ್ಸ್ ಕೊಟ್ಟ ಉತ್ತರ ನನಗೆ ತುಂಬ ಇಷ್ಟ. ಮನೆಯ ಮುಂದಿನ ಬೋರ್ಡ್ ಮಾತನ್ನು ಮಾತ್ರ ಹೇಳುವುದಿಲ್ಲ, ಆ ಮಾತು ಯಾರದ್ದು ಎಂಬುದನ್ನೂ ಹೇಳುತ್ತದೆ. ಅವರ ಉದಾಹರಣೆ ಇದು: ಕೊಲ್ಲಿಯಲ್ಲಿ ಶಾಂತಿ ಬೇಕು ಎಂಬ ಬೋರ್ಡ್ ನಿವೃತ್ತ ಸೇನಾಧಿಕಾರಿಯ ಅಂಗಳದಲ್ಲಿ ಇದ್ದರೆ ನೋಡಿದವರ ಮನಸ್ಸಿನಲ್ಲಿ ಏಳುವುದು ಒಂದು ಭಾವ. ಅದೇ ಮಾತು ಹತ್ತು ವರ್ಷದ ಮಗುವಿನ ಕೋಣೆಯ ಕಿಟಕಿಯಲ್ಲಿ ಇದ್ದರೆ ಬೇರೆ. ಹಾದುಹೋಗುವ ಕಾರಿನ ಹಿಂದೆ ಇದ್ದರೆ ಇನ್ನೂ ಬೇರೆ.

ಇದು ನಮಗೆ ಹೊಸದಲ್ಲ, ಅಲ್ವಾ? ಊರ ಬಾಗಿಲಲ್ಲಿ ಯಾರೋ ಕಟ್ಟಿದ ಬ್ಯಾನರ್ ನೋಡಿ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಆದರೆ ನಿಮ್ಮ ಬೀದಿಯ ಮೇಷ್ಟ್ರ ಮನೆ ಗೇಟಿನ ಮೇಲೆ ಒಂದು ಪಕ್ಷದ ಬಾವುಟ ಕಂಡರೆ ಸಂಜೆಯೊಳಗೆ ಬೀದಿಗೆಲ್ಲ ಸುದ್ದಿ. ಮೇಷ್ಟ್ರು ಹೀಗೆ ಯೋಚಿಸುತ್ತಾರಾ ಅಂತ ನಾಲ್ಕು ಜನ ನಿಂತು ಮಾತಾಡುತ್ತಾರೆ. ಇಲ್ಲಿ ತೂಕ ಬಟ್ಟೆಗಲ್ಲ, ಮನೆಗೆ.

ಇನ್ನೂ ಒಂದು ವಿಷಯ. ಮನೆ ಮುಂದಿನ ಬೋರ್ಡ್ ಅಗ್ಗ. ಪತ್ರಿಕೆಯಲ್ಲಿ ಜಾಹೀರಾತು ಕೊಡಲು ಹಣ ಬೇಕು, ಮನೆಮನೆ ತಿರುಗಲು ಕಾಲಿನಲ್ಲಿ ಶಕ್ತಿ ಬೇಕು, ಭಾಷಣಕ್ಕೆ ಗಂಟಲು ಬೇಕು. ಕೈಯಲ್ಲಿ ಕಾಸಿಲ್ಲದವರು, ಹೊರಗೆ ಓಡಾಡಲು ಆಗದವರು ಒಂದು ಹಾಳೆ ಅಂಟಿಸಬಹುದು. ಅವರಿಗೆ ಇದಕ್ಕೆ ಸಮನಾದ ಬೇರೆ ದಾರಿ ಇಲ್ಲದೆಯೂ ಇರಬಹುದು ಎಂದು ಕೋರ್ಟ್ ಬರೆಯಿತು.

ಹಾಗಾದರೆ ಊರು ಬೋರ್ಡ್‌ಗಳಿಂದ ತುಂಬಿಹೋಗುವುದಿಲ್ಲವೇ? ಅದಕ್ಕೂ ಉತ್ತರ ಇದೆ. ತಮ್ಮ ಮನೆಯ ಬೆಲೆ ಇಳಿಯುವುದು ಮನೆಯವರಿಗೇ ಬೇಡ. ಅವರ ಸ್ವಂತ ಹಿತವೇ ಒಂದು ಕಡಿವಾಣ. ಇದಕ್ಕಿಂತ ಹದವಾದ ಕ್ರಮಗಳಿಂದ ಊರಿನ ಕಾಳಜಿಯನ್ನು ಬಹುಮಟ್ಟಿಗೆ ನೋಡಿಕೊಳ್ಳಬಹುದು ಎಂಬ ಭರವಸೆಯನ್ನೂ ಕೋರ್ಟ್ ಹೇಳಿತು. ಹಣ ತೆಗೆದುಕೊಂಡು ಅಂಗಳದಲ್ಲಿ ಬೇರೆಯವರ ಬೋರ್ಡ್ ಹಾಕಿಸಿಕೊಂಡರೆ ಆ ಮಾತೇ ಬೇರೆ ಎಂದು ಅಡಿಟಿಪ್ಪಣಿಯಲ್ಲಿ ಸೂಚಿಸಿತು.

ತೀರ್ಪು ಬರುವ ಹೊತ್ತಿಗೆ ಆ ಯುದ್ಧ ನಿಂತು ಮೂರು ವರ್ಷ ದಾಟಿತ್ತು.

ಮಾರಾಟದ ಬೋರ್ಡಿಗೂ ಒಂದು ಹೋರಾಟ ಇತ್ತು

ಇಲ್ಲಿಯವರೆಗೆ ಓದಿದವರಿಗೆ ಮನೆ ಮಾರುವ ಬೋರ್ಡ್ ಎಲ್ಲ ಕಡೆ ಸುಲಭವಾಗಿ ಜಾಗ ಗಿಟ್ಟಿಸಿಕೊಂಡಿತು ಅನಿಸಬಹುದು. ಹಾಗಲ್ಲ. ಆ ಬೋರ್ಡಿಗಾಗಿ ನಡೆದ ಹೋರಾಟ ನ್ಯೂಜೆರ್ಸಿಯ ವಿಲ್ಲಿಂಗ್‌ಬೊರೊ ಎಂಬ ಊರಿನ ಕಥೆ, ಲಡೂಗಿಂತ ಹಳೆಯದು.

ವಿಲ್ಲಿಂಗ್‌ಬೊರೊ 1950ರ ದಶಕದ ಕೊನೆಯಲ್ಲಿ ಲೆವಿಟ್ ಕಂಪನಿ ಸಾಲುಸಾಲು ಮನೆ ಕಟ್ಟಿ ಬೆಳೆಸಿದ ಊರು. ಮೊದಮೊದಲು ಅಲ್ಲಿ ಮನೆ ಕೊಳ್ಳಲು ಬಿಳಿಯರಿಗೆ ಮಾತ್ರ ಅವಕಾಶ ಇತ್ತು. ಅದರ ವಿರುದ್ಧ ಕಾನೂನು ಹೋರಾಟ ಆದ ಮೇಲೆ ಕಪ್ಪು ಜನರೂ ಮನೆ ಕೊಂಡರು. 1973ರ ಹೊತ್ತಿಗೆ ಬಿಳಿಯರಲ್ಲದವರ ಪಾಲು ಶೇಕಡಾ 18.2 ಆಗಿತ್ತು. ಬಿಳಿಯರು ಗಾಬರಿಯಿಂದ ಮನೆ ಮಾರಿ ಹೋಗುತ್ತಿದ್ದಾರೆ, ಒಂದು ಬೋರ್ಡ್ ನೋಡಿ ಪಕ್ಕದ ಮನೆಯವರೂ ಬೋರ್ಡ್ ಹಾಕುತ್ತಾರೆ ಎಂಬ ಭಯ ಊರಿನ ಆಡಳಿತಕ್ಕೆ ಹುಟ್ಟಿತು. 1974ರ ಮಾರ್ಚ್ 18ರಂದು 'ಮಾರಾಟಕ್ಕಿದೆ', 'ಮಾರಾಟವಾಗಿದೆ' ಎಂಬ ಬೋರ್ಡ್‌ಗಳನ್ನು ಅದು ನಿಷೇಧಿಸಿತು.

ಉದ್ದೇಶ ಒಳ್ಳೆಯದೇ: ಎಲ್ಲ ಬಣ್ಣದ ಜನ ಕೂಡಿ ಬಾಳುವ ಊರು ಒಡೆಯಬಾರದು. 1977ರ ಮೇ 2ರಂದು ಸುಪ್ರೀಂ ಕೋರ್ಟ್ ಪರವಾಗಿ ತೀರ್ಪು ಬರೆದವರು ಥರ್ಗುಡ್ ಮಾರ್ಷಲ್. ಆ ಕೋರ್ಟಿನ ಮೊದಲ ಕಪ್ಪು ನ್ಯಾಯಮೂರ್ತಿ, ಬದುಕಿಡೀ ಬಣ್ಣದ ಭೇದದ ವಿರುದ್ಧ ಹೋರಾಡಿದವರು. ಅವರೇ ಊರಿನ ನಿಯಮವನ್ನು ರದ್ದು ಮಾಡಿದರು. ಒಳ್ಳೆಯ ಉದ್ದೇಶ ಎಂದು ಒಪ್ಪಿಕೊಂಡೇ ರದ್ದು ಮಾಡಿದರು. ಮನೆ ಮಾರಾಟಕ್ಕಿದೆ ಎಂಬುದು ಒಂದು ಕುಟುಂಬದ ಬಾಳಿಗೆ ದೊಡ್ಡ ವಿಷಯ. ಅದು ತಿಳಿದರೆ ಜನ ತಪ್ಪು ನಿರ್ಧಾರ ಮಾಡುತ್ತಾರೆ ಎಂದು ಸರ್ಕಾರವೇ ಅದನ್ನು ಮುಚ್ಚಿಡುವಂತಿಲ್ಲ. ಅಲ್ಲದೆ ಗಾಬರಿಯಿಂದ ಮನೆ ಮಾರುತ್ತಿದ್ದಾರೆ ಎಂಬುದಕ್ಕೆ ಸರಿಯಾದ ಪುರಾವೆಯೂ ಇರಲಿಲ್ಲ. ಊರಿಗೆ ಅವರು ಬೇರೆ ದಾರಿಯನ್ನೂ ತೋರಿಸಿದರು: ಬೇಕಿದ್ದರೆ 'ಮಾರಾಟಕ್ಕಿಲ್ಲ' ಎಂಬ ಬೋರ್ಡ್‌ಗಳ ಮೂಲಕ, ಇಲ್ಲೇ ಉಳಿದವರು ಎಷ್ಟು ಜನ ಎಂಬುದನ್ನು ಊರಿಗೆಲ್ಲ ತಿಳಿಸಿ. ಮಾತನ್ನು ತಡೆಯಬೇಡಿ, ಮಾತಿಗೆ ಮಾತು ಸೇರಿಸಿ.

ಲಡೂ ತನ್ನ ಪಟ್ಟಿ ಬರೆದಾಗ ಈ ತೀರ್ಪು ಬಂದು ಹದಿಮೂರು ವರ್ಷಕ್ಕೂ ಹೆಚ್ಚಾಗಿತ್ತು. ಮಾರಾಟದ ಬೋರ್ಡನ್ನು ಮುಟ್ಟಿದರೆ ಕೋರ್ಟ್ ಬಿಡುವುದಿಲ್ಲ ಎಂಬುದು ಬೋರ್ಡ್ ನಿಯಮ ಬರೆಯುವ ಊರುಗಳಿಗೆ ಅಷ್ಟೊತ್ತಿಗೆ ಗೊತ್ತಿತ್ತು. ಮನೆಯವರ ಅಭಿಪ್ರಾಯವನ್ನೂ ಮುಟ್ಟಬಾರದು ಎಂದು ತಿಳಿಯಲು ಗಿಲಿಯೊ ಬೇಕಾದರು.

ಕಂಬಕ್ಕೆ ಕಟ್ಟಿದರೆ?

ಹಾಗಾದರೆ ಫ್ಲೆಕ್ಸ್ ತೆಗೆಯುವುದೂ ತಪ್ಪೇ ಎಂದು ನಮ್ಮವರು ಕೇಳಬಹುದು. ಅಲ್ಲ. ಲಾಸ್ ಏಂಜಲೀಸ್‌ನಲ್ಲಿ ರೋಲಂಡ್ ವಿನ್ಸೆಂಟ್ ಎಂಬವರು ನಗರದ ಕೌನ್ಸಿಲ್‌ಗೆ ಸ್ಪರ್ಧಿಸಿದ್ದರು. ಅವರ ಬೆಂಬಲಿಗರು ರಸ್ತೆ ಬದಿಯ ವಿದ್ಯುತ್ ಕಂಬಗಳಿಗೆ ಅವರ ಹೆಸರಿನ ಬೋರ್ಡ್ ಕಟ್ಟಿಸಿದರು. 1979ರ ಮಾರ್ಚ್ ಮೊದಲ ವಾರದಲ್ಲಿ ನಗರದ ಸಿಬ್ಬಂದಿ ಕಂಬಗಳಿಂದ ಬಿಚ್ಚಿದ ಬೋರ್ಡ್‌ಗಳು 1,207. ಅದರಲ್ಲಿ 48 ವಿನ್ಸೆಂಟ್ ಅವರವು. ಬಾಕಿಯಲ್ಲಿ ಹೆಚ್ಚಿನವು ವ್ಯಾಪಾರದವು. 1984ರಲ್ಲಿ ಸುಪ್ರೀಂ ಕೋರ್ಟ್ ನಗರ ಮಾಡಿದ್ದು ಸರಿ ಎಂದಿತು, 6 ಜನ ಪರ, 3 ಜನ ವಿರುದ್ಧ. ಆ ತೀರ್ಪನ್ನು ಬರೆದವರೂ ಇದೇ ಸ್ಟೀವನ್ಸ್. ಕಂಬ ಎಲ್ಲರದ್ದು, ಅಂಗಳ ಒಬ್ಬರದ್ದು. ಎರಡು ತೀರ್ಪುಗಳನ್ನೂ ಜೋಡಿಸುವ ಎಳೆ ಇದೇ.

ನಮ್ಮ ಗಲಾಟೆ ಬಹುತೇಕ ಕಂಬದ್ದು, ಸರ್ಕಲ್‌ನದ್ದು, ಫುಟ್‌ಪಾತ್‌ನದ್ದು. ಕರ್ನಾಟಕದಲ್ಲಿ ಅದಕ್ಕೆ 1981ರಿಂದಲೇ ತೆರೆದ ಸ್ಥಳಗಳ ವಿರೂಪ ತಡೆಯುವ ಕಾಯ್ದೆ ಇದೆ. 2018ರ ಆಗಸ್ಟ್ 1ರಂದು ಹೈಕೋರ್ಟ್ ಗದರಿದ ಮೇಲೆ ಬೆಂಗಳೂರಿನ ಬೀದಿಗಳಿಂದ ಸಾವಿರಾರು ಫ್ಲೆಕ್ಸ್ ಇಳಿದದ್ದು ನೆನಪಿರಬಹುದು. ಅದು ಗಿಲಿಯೊ ಪ್ರಕರಣದ ಜಾತಿಯದ್ದಲ್ಲ, ವಿನ್ಸೆಂಟ್ ಪ್ರಕರಣದ ಜಾತಿಯದ್ದು.

ಗಿಲ್ಬರ್ಟ್‌ನ ತೀರ್ಪು ಬಂದ ಮೇಲೆ

ಓ'ಕಾನರ್ ಎತ್ತಿದ ಪ್ರಶ್ನೆ ಮರಳಿ ಬಂದದ್ದು ಅರಿಜೋನಾದ ಗಿಲ್ಬರ್ಟ್ ಎಂಬ ಊರಿನಿಂದ. ಅಲ್ಲಿ ಕ್ಲೈಡ್ ರೀಡ್ ಎಂಬ ಪಾದ್ರಿ ಒಂದು ಸಣ್ಣ ಚರ್ಚ್ ನಡೆಸುತ್ತಿದ್ದರು. ಸ್ವಂತ ಕಟ್ಟಡ ಇಲ್ಲ, ಶಾಲೆಗಳಲ್ಲಿ ಪ್ರಾರ್ಥನೆ. ಈ ವಾರ ಎಲ್ಲಿ ಎಂದು ತಿಳಿಸಲು ಶನಿವಾರ ಊರಿನ ಅಲ್ಲಲ್ಲಿ 15–20 ಬೋರ್ಡ್ ಇಡುತ್ತಿದ್ದರು. 2005ರಲ್ಲಿ ಊರು ಅವರಿಗೆ ಎರಡು ಬಾರಿ ನೋಟಿಸ್ ಕೊಟ್ಟಿತು.

ಊರಿನ ನಿಯಮ ಬೋರ್ಡ್‌ಗಳನ್ನು ಜಾತಿ ಮಾಡಿತ್ತು. ವಿಚಾರ ಹೇಳುವ ಬೋರ್ಡ್ 20 ಚದರ ಅಡಿವರೆಗೆ, ಎಷ್ಟು ದಿನ ಬೇಕಾದರೂ. ಚುನಾವಣೆಯ ಬೋರ್ಡ್ ಮನೆಗಳಲ್ಲಿ 16 ಚದರ ಅಡಿ, ಬೇರೆ ಕಡೆ 32; ಪಕ್ಷದ ಅಭ್ಯರ್ಥಿಯನ್ನು ಆರಿಸುವ ಪ್ರಾಥಮಿಕ ಚುನಾವಣೆಗೆ 60 ದಿನ ಮೊದಲಿನಿಂದ ಸಾರ್ವತ್ರಿಕ ಚುನಾವಣೆ ಮುಗಿದು 15 ದಿನದವರೆಗೆ. ಕಾರ್ಯಕ್ರಮಕ್ಕೆ ದಾರಿ ತೋರಿಸುವ ಬೋರ್ಡ್ 6 ಚದರ ಅಡಿ, 12 ಗಂಟೆ ಮೊದಲು, ಮುಗಿದ 1 ಗಂಟೆಯೊಳಗೆ ತೆಗೆಯಬೇಕು. ಭಾನುವಾರ ಬೆಳಿಗ್ಗೆ 10ಕ್ಕೆ ಪ್ರಾರ್ಥನೆ ಅಂದರೆ ಬೋರ್ಡ್ ಇಡಬಹುದಾದದ್ದು ಶನಿವಾರ ರಾತ್ರಿ 10ರ ಮೇಲೆ, ಕತ್ತಲಲ್ಲಿ.

2015ರ ಜೂನ್ 18ರಂದು ಒಂಬತ್ತು ನ್ಯಾಯಮೂರ್ತಿಗಳೂ ಊರಿನ ವಿರುದ್ಧ ನಿಂತರು. ಬೋರ್ಡಿನಲ್ಲಿ ಏನು ಬರೆದಿದೆ ಎಂದು ಓದಿ ನೋಡಿ ಆಮೇಲೆ ಅಳತೆ, ಅವಧಿ ನಿಗದಿ ಮಾಡುವುದಾದರೆ ಅದು ಮಾತಿನ ಮೇಲಿನ ಭೇದವೇ, ಉದ್ದೇಶ ಏನೇ ಇರಲಿ ಎಂದು ನ್ಯಾಯಮೂರ್ತಿ ಕ್ಲಾರೆನ್ಸ್ ಥಾಮಸ್ ಬರೆದರು. 2022ರಲ್ಲಿ ಆಸ್ಟಿನ್ ನಗರದ ಪ್ರಕರಣದಲ್ಲಿ ಕೋರ್ಟ್ ಇದಕ್ಕೆ ಒಂದು ಗೆರೆ ಎಳೆಯಿತು. ಬೋರ್ಡ್ ಅದೇ ಜಾಗದ ವ್ಯಾಪಾರದ ಬಗ್ಗೆಯೋ ಬೇರೆ ಜಾಗದ ಬಗ್ಗೆಯೋ ಎಂದು ನೋಡುವಷ್ಟು ಮಾತ್ರಕ್ಕೆ ತಪ್ಪಾಗುವುದಿಲ್ಲ ಎಂದಿತು.

ಇದರಿಂದ ಸ್ಥಳೀಯ ನಿಯಮ ಬರೆಯುವ ಕೈ ಬದಲಾಯಿತು. 'ಚುನಾವಣೆಯ ಬೋರ್ಡ್', 'ಮನೆ ಮಾರಾಟದ ಬೋರ್ಡ್' ಎಂದು ಹೆಸರಿಸುವ ಬದಲು ಈಗ ಎಷ್ಟೋ ಊರುಗಳು ಸುಮ್ಮನೆ 'ತಾತ್ಕಾಲಿಕ ಬೋರ್ಡ್' ಅನ್ನುತ್ತವೆ. ಪ್ರತಿ ಮನೆಗೆ ಇಷ್ಟು ಬೋರ್ಡ್, ಇಷ್ಟು ಚದರ ಅಡಿ, ಇಷ್ಟು ಎತ್ತರ. ಮನೆ ಮಾರಾಟಕ್ಕಿರುವಷ್ಟು ದಿನ ಆ ಜಾಗದಲ್ಲಿ ಒಂದು ಹೆಚ್ಚಿಗೆ ಬೋರ್ಡ್. ಚುನಾವಣೆಗೆ ಮೊದಲಿನ ಇಷ್ಟು ದಿನ ಎಲ್ಲರಿಗೂ ಹೆಚ್ಚಿಗೆ ಬೋರ್ಡ್. ಅದರ ಮೇಲೆ ಏನು ಬರೆಯುತ್ತೀರಿ ಎಂಬುದು ನಿಮಗೆ ಬಿಟ್ಟದ್ದು. ಗಿಲಿಯೊ ಅವರಿಗೆ 1990ರಲ್ಲಿ ಇಷ್ಟು ಸಿಕ್ಕಿದ್ದರೆ ಕೋರ್ಟಿನ ಮುಖ ನೋಡುವ ಕೆಲಸವೇ ಇರುತ್ತಿರಲಿಲ್ಲ.

ಅಲ್ಲಿ ಮನೆ ಮಾಡಿರುವ ಕನ್ನಡಿಗರಿಗೆ

ಡಲ್ಲಾಸ್, ಹ್ಯೂಸ್ಟನ್, ಬೇ ಏರಿಯಾ ಕಡೆ ಮನೆ ಕೊಂಡ ನಮ್ಮವರು ಬಹಳ. ಅವರು ಇದನ್ನು ಓದಿ ನೇರ ಅಂಗಳಕ್ಕೆ ಬೋರ್ಡ್ ನೆಡುವ ಮೊದಲು ಎರಡು ಮಾತು.

ಲಡೂ ತೀರ್ಪು ಕಟ್ಟಿಹಾಕುವುದು ಸರ್ಕಾರವನ್ನು, ಅಂದರೆ ನಗರ, ಕೌಂಟಿ, ರಾಜ್ಯವನ್ನು. ನಿಮ್ಮ ಬಡಾವಣೆಯ ಮನೆಮಾಲೀಕರ ಸಂಘ ಸರ್ಕಾರ ಅಲ್ಲ. ಮನೆ ಕೊಳ್ಳುವಾಗ ಸಹಿ ಹಾಕಿದ ಕಾಗದದ ಕಟ್ಟಿನಲ್ಲಿ ಬೋರ್ಡ್ ಬೇಡ ಎಂದಿದ್ದರೆ ಅದು ನೀವು ಒಪ್ಪಿಕೊಂಡ ಕರಾರು. ಆದರೆ ಕೆಲವು ರಾಜ್ಯಗಳು ಇಲ್ಲಿ ಮಧ್ಯೆ ಬಂದಿವೆ. ಟೆಕ್ಸಾಸ್‌ನಲ್ಲಿ ಚುನಾವಣೆಗೆ 90 ದಿನ ಮೊದಲಿನಿಂದ, ಮುಗಿದ ಮೇಲೆ ಹತ್ತನೇ ದಿನ ಬರುವವರೆಗೆ, ಅಭ್ಯರ್ಥಿಯ ಬೋರ್ಡನ್ನು ಸಂಘ ತಡೆಯುವಂತಿಲ್ಲ. ಒಬ್ಬ ಅಭ್ಯರ್ಥಿಗೆ ಒಂದೇ ಬೋರ್ಡ್, ನಾಲ್ಕಡಿಗೆ ಆರಡಿ ಮೀರಬಾರದು ಎಂದೆಲ್ಲ ಸಂಘ ಹೇಳಬಹುದು.

ಇನ್ನೊಂದು, ರಸ್ತೆಯ ಅಂಚಿನಿಂದ ಫುಟ್‌ಪಾತ್‌ವರೆಗಿನ ಹುಲ್ಲಿನ ಪಟ್ಟಿ. ನೀರು ಹಾಕುವವರು, ಕತ್ತರಿಸುವವರು ನೀವೇ. ಆದರೆ ಸಾಮಾನ್ಯವಾಗಿ ಅದು ರಸ್ತೆಯ ಜಾಗ, ನಗರದ್ದು. ಚುನಾವಣೆಯ ಬೋರ್ಡೂ, ಭಾನುವಾರ ಮನೆ ನೋಡಲು ಬನ್ನಿ ಎಂಬ ಏಜೆಂಟರ ಬೋರ್ಡೂ ಹೆಚ್ಚಾಗಿ ಮಾಯವಾಗುವುದು ಅಲ್ಲಿಂದಲೇ. ಎರಡು ಹೆಜ್ಜೆ ಒಳಗೆ ನೆಟ್ಟಿದ್ದರೆ ಉಳಿಯುತ್ತಿತ್ತು. ಮೂಲೆಮನೆಯಾದರೆ ತಿರುವಿನಲ್ಲಿ ಬರುವ ಗಾಡಿಯವರಿಗೆ ಅಡ್ಡವಾಗದಂತೆ ಇನ್ನಷ್ಟು ಒಳಗೆ ನೆಡಬೇಕು.

ಗಿಲಿಯೊ ಅವರ ಮಿಸ್ಸೌರಿಯಲ್ಲಿ ಈಗ ರಾಜ್ಯದ ಕಾನೂನೇ ಇದೆ. ಮನೆಮಾಲೀಕರ ಸಂಘಗಳ ಕರಾರು ರಾಜಕೀಯ ಬೋರ್ಡ್‌ಗಳನ್ನು ನಿಷೇಧಿಸುವಂತಿಲ್ಲ. ಅಳತೆ, ಜಾಗ, ಸಂಖ್ಯೆಯ ಬಗ್ಗೆ ಹದವಾದ ನಿಯಮ ಮಾಡಬಹುದು, ಅಷ್ಟೇ. ಬೋರ್ಡ್ ನಿಯಮ ಮೀರಿದೆ ಅನಿಸಿದರೆ ಮನೆಯವರಿಗೆ ಮೊದಲು ಬರಹದಲ್ಲಿ ತಿಳಿಸಬೇಕು, ಯಾವ ನಿಯಮ ಎಂದು ಹೇಳಬೇಕು, ಮೂರು ದಿನ ಕಾಯಬೇಕು. ಅಂಗಳದ ಬೋರ್ಡಿಗೆ ಕೈ ಹಾಕುವುದು, ದಂಡ ಹಾಕುವುದು ಎಲ್ಲ ಅದಾದ ಮೇಲೆ.